ಮೋರಿ ಹತ್ತಿರ ದಾರಿಯೇ ಇಲ್ಲ: ಸೈಕಲ್‌ನಲ್ಲಿ, ನಡೆದು ಶಾಲೆಗೆ ಹೋಗುವ ಮಕ್ಕಳಿಗಾಗಿ ಏನು ಕೇಳಬೇಕು?

ನಾಲೆ ಕೆಳಗಿನ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕು. ಊರಿನ ಹೆಸರು ಬೇಡ. ಹೇಳಿದರೆ ನಾಳೆ ಬೆಳಗ್ಗೆ ಟೀ ಅಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡುತ್ತಾರೆ.

ಮಗಳು ಎಂಟನೇ ಕ್ಲಾಸು. ಹೈಸ್ಕೂಲು ಮನೆಯಿಂದ ಎರಡೂಮುಕ್ಕಾಲು ಕಿಲೋಮೀಟರ್. ಬೆಳಗ್ಗೆ ಏಳೂವರೆಗೆ ಒಂದು ಬಸ್ಸಿದೆ, ಆಮೇಲೆ ಹತ್ತೂವರೆಗೆ. ಎರಡೂ ಮಕ್ಕಳಿಗೆ ಉಪಯೋಗವಿಲ್ಲ. ಹಾಗಾಗಿ ನಮ್ಮ ಊರಿನ ಹನ್ನೊಂದು ಮಕ್ಕಳಲ್ಲಿ ಆರು ಜನ ಸೈಕಲ್, ಐದು ಜನ ನಟರಾಜ ಸರ್ವೀಸು.

ರಸ್ತೆ ಚೆನ್ನಾಗಿಲ್ಲ ಅಂತ ದೂರಲ್ಲ. ಚೆನ್ನಾಗಿರುವುದೇ ತೊಂದರೆ! ಡಾಂಬರು ಹಾಕಿದ ಮೇಲೆ ಕಾರು, ಟಿಪ್ಪರ್, ಕಬ್ಬಿನ ಟ್ರ್ಯಾಕ್ಟರ್ ಎಲ್ಲಾ ಬಾಣದ ಹಾಗೆ ಹೋಗುತ್ತವೆ. ಪಕ್ಕದಲ್ಲಿ ಮಣ್ಣಿನ ಅಂಚಿದೆ, ಮಕ್ಕಳು ಅದರ ಮೇಲೆ ಹೇಗೋ ಹೋಗುತ್ತಾರೆ. ಆದರೆ ಮಧ್ಯದಲ್ಲಿ ಒಂದು ಮೋರಿ ಇದೆ. ಅಲ್ಲಿ ಮಣ್ಣಿನ ಅಂಚು ಇಲ್ಲ. ಡಾಂಬರು ಮುಗಿದ ತಕ್ಷಣ ಕಟ್ಟೆ, ಕಟ್ಟೆಯ ಆಚೆ ಕಾಲುವೆ. ಮಕ್ಕಳು ಮೋರಿಗೆ ಹತ್ತು ಹೆಜ್ಜೆ ಮೊದಲೇ ಸೈಕಲ್ ಇಳಿದು, ಹಿಂದೆ ತಿರುಗಿ ನೋಡಿ, ಗಾಡಿ ಇಲ್ಲದಾಗ ಓಡುತ್ತಾರೆ. ಸೈಕಲ್ ತಳ್ಳಿಕೊಂಡು ಓಡುವುದು ಹೇಗಿರುತ್ತದೆ ಯೋಚನೆ ಮಾಡಿ. ಮೊನ್ನೆ ಮಗಳ ಬ್ಯಾಗಿಗೆ ಟ್ರ್ಯಾಕ್ಟರ್ ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬಿನ ಜಲ್ಲೆ ತಗುಲಿ ಪಟ್ಟಿ ಕಿತ್ತು ಹೋಯಿತು. ಬ್ಯಾಗಿಗೆ ತಗುಲಿತು, ಅಷ್ಟೇ ನಮ್ಮ ಪುಣ್ಯ.

ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಬೇಕು ಅಂತಿದ್ದೇನೆ. ಏನು ಅಂತ ಕೇಳಲಿ? ಸೈಕಲ್ ದಾರಿ ಅಂತಲೋ, ಫುಟ್‌ಪಾತ್ ಅಂತಲೋ, ಹಂಪ್ ಅಂತಲೋ? ಗೊತ್ತಿದ್ದವರು ಹೇಳಿ.

ರಾಗಿಮುದ್ದೆ 71

ಹಂಪ್ ಕೇಳಿ ಸರ್. ಎರಡು ಹಂಪ್ ಹಾಕಿದರೆ ಎಲ್ಲಾ ಸರಿ ಹೋಗುತ್ತದೆ.

ಒಂಟಿಕೊಪ್ಪಲ್ ಹುಡುಗ

ಹಂಪ್ ಬೇಡಪ್ಪಾ. ಮಂಡ್ಯ ಕಡೆ ಹಂಪ್ ಅಂದರೆ ಕೋಣದ ಬೆನ್ನು. ನಮ್ಮಪ್ಪನ ಸೊಂಟ ಅಲ್ಲೇ ಹೋಗಿದ್ದು.

ಟೇಪು ಮತ್ತು ದಾರ

ನಾನು ಸಿವಿಲ್ ಡಿಪ್ಲೊಮಾ, ಇಪ್ಪತ್ತು ವರ್ಷ ರಸ್ತೆ ಕೆಲಸ ಮಾಡಿದ್ದೇನೆ. ಈಗ ಮಂಡ್ಯದಲ್ಲಿ ಸ್ವಂತ ಕೆಲಸ.

ಮೊದಲು ಒಂದು ಪ್ರಶ್ನೆ. ರಸ್ತೆ ಯಾರದು? ಅದು ಗೊತ್ತಿಲ್ಲದೆ ಅರ್ಜಿ ಕೊಟ್ಟರೆ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುತ್ತಾ ಇರುತ್ತದೆ. ಸುಲಭದ ದಾರಿ ಹೇಳುತ್ತೇನೆ: ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಅಂದರೆ ಲೋಕೋಪಯೋಗಿ ಇಲಾಖೆ. ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಪಂಚಾಯಿತಿ ಏನೇ ಠರಾವು ಮಾಡಿದರೂ ಹಸಿರು ಕಲ್ಲಿನ ರಸ್ತೆಯಲ್ಲಿ ಒಂದು ಬುಟ್ಟಿ ಜಲ್ಲಿ ಹಾಕಲು ಅದಕ್ಕೆ ಅಧಿಕಾರವಿಲ್ಲ. ಠರಾವು ಬೇಡ ಅಂತಲ್ಲ, ಅದನ್ನು ಅರ್ಜಿಗೆ ಲಗತ್ತಿಸಿ. ಆದರೆ ಅರ್ಜಿ ಹೋಗಬೇಕಾದ್ದು ಬೇರೆ ಕಡೆ.

ಹಂಪ್ ವಿಷಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗೆ ಮಾಡಿದರೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಯಾರ ಸೊಂಟವೂ ಹೋಗುವುದಿಲ್ಲ. ನಮ್ಮಲ್ಲಿ ಅಗಲ ಒಂದು ಮೀಟರ್, ಎತ್ತರ ದೇವರಿಗೇ ಗೊತ್ತು. ಅದೂ ಅಲ್ಲದೆ ಹೆದ್ದಾರಿ ಅಂದ ತಕ್ಷಣ "ಹಂಪ್ ಹಾಕಕ್ಕಾಗಲ್ಲ" ಅಂತ ಉತ್ತರ ಬರುತ್ತದೆ. ಅರ್ಜಿಯಲ್ಲಿ ಹಂಪ್ ಒಂದನ್ನೇ ಬರೆದರೆ ಆ ಒಂದು ಸಾಲಿನ ಉತ್ತರದಲ್ಲಿ ನಿಮ್ಮ ಕಥೆ ಮುಗಿಯಿತು.

ನಾಲೆ ಕೆಳಗಿನ ಮನೆ

ಕಲ್ಲು ಹಸಿರು ಸರ್. ದಿನಾ ಅದರ ಮೇಲೆ ಕೂತು ಬಸ್ಸಿಗೆ ಕಾಯುತ್ತೇನೆ, ಬಣ್ಣಕ್ಕೆ ಅರ್ಥ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಚಾಮುಂಡಿ ತಪ್ಪಲು

ನಾನು ಮೈಸೂರು. ಭಾನುವಾರ ನಮ್ಮ ಗುಂಪು ಸೈಕಲ್‌ನಲ್ಲಿ ಕೆಆರ್‌ಎಸ್, ಬಲಮುರಿ, ರಂಗನತಿಟ್ಟು ಕಡೆ ಬರುತ್ತೇವೆ. ಒಟ್ಟು ಮೈಸೂರು ಮಂಡ್ಯ ಭಾಗಕ್ಕೇ ಒಂದು ದೊಡ್ಡ ಸೈಕಲ್ ಜಾಲ ಆಗಬೇಕು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು, ಹದಿನಾರು ಕಿಲೋಮೀಟರ್, ಸಮತಟ್ಟು ಜಾಗ. ಬೇರೆ ದೇಶಗಳಲ್ಲಿ ಊರಿಂದೂರಿಗೆ ಪ್ರತ್ಯೇಕ ದಾರಿ ಇದೆ. ನೆದರ್ಲೆಂಡ್ಸ್‌ನಲ್ಲಿ...

ಹಾಲಿನ ಕ್ಯಾನು

ಅಣ್ಣಾ, ನೆದರ್ಲೆಂಡ್ಸ್ ಆಮೇಲೆ ಹೋಗೋಣ. ಈಗ ಪಾಂಡವಪುರದ ಮೋರಿ ದಾಟಿಸಿ.

ಚಾಮುಂಡಿ ತಪ್ಪಲು

ನಕ್ಕೆ. ಆದರೆ ಸಣ್ಣದು ಕೇಳಿದರೆ ಅದಕ್ಕಿಂತ ಸಣ್ಣದು ಸಿಗುತ್ತದೆ. ದೊಡ್ಡದು ಕೇಳಬೇಕು.

ಹಾಲಿನ ಕ್ಯಾನು

ದೊಡ್ಡದು ಕೇಳಿದರೆ ಸಿಗುವುದು ಸರ್ವೆ. ಸರ್ವೆಯವರು ಬಂದು ನಮ್ಮ ಗದ್ದೆಯಲ್ಲಿ ಗೂಟ ಹೊಡೆದು ಹೋಗುತ್ತಾರೆ. ಗೂಟ ಮೂರು ವರ್ಷ ಇರುತ್ತದೆ, ಆಮೇಲೆ ಹಸು ಕಟ್ಟಕ್ಕೆ ಅನುಕೂಲ.

ನಾನು ದಿನಾ ಎರಡು ಹೊತ್ತು ಡೈರಿಗೆ ಸೈಕಲ್‌ನಲ್ಲೇ ಹಾಲು ಹಾಕುವವನು. ಹೆಲ್ಮೆಟ್ ಹಾಕಿ ಭಾನುವಾರ ಬರುವವರು ಸೈಕಲ್ ಸವಾರರು. ನಾವು ಸೈಕಲ್ ತುಳಿಯುವವರು. ಇಬ್ಬರಿಗೂ ಬೇಕಾದ್ದು ಬೇರೆ. ನಿಮಗೆ ನಲವತ್ತು ಕಿಲೋಮೀಟರ್ ಚೆಂದದ ದಾರಿ ಬೇಕು. ನಮಗೆ ಮನೆಯಿಂದ ಡೈರಿ, ಡೈರಿಯಿಂದ ಮನೆ, ಮಧ್ಯೆ ಹಿಂದಿನಿಂದ ಯಾರೂ ಗುದ್ದಬಾರದು. ಅಷ್ಟೇ.

ಚಾಮುಂಡಿ ತಪ್ಪಲು

ಅದನ್ನು ಒಪ್ಪುತ್ತೇನೆ. ಆದರೆ ಗುದ್ದುವ ಕಾರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಲ್ವಾ?

ಸರ್ವಿಸ್ ರಸ್ತೆ ಸಂತ್ರಸ್ತ

ಮದ್ದೂರಿನಿಂದ ಬರೆಯುತ್ತಿದ್ದೇನೆ. ದೊಡ್ಡದು ಕೇಳಬೇಕು ಅನ್ನುವವರು ನಮ್ಮ ಕಡೆ ಒಮ್ಮೆ ಬನ್ನಿ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಆರು ಪಥ, ಜೊತೆಗೆ ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. ಅದು ಸರಿಯೇ, ನೂರರ ವೇಗದಲ್ಲಿ ಹೋಗುವ ಕಾರಿನ ಮಧ್ಯೆ ಸೈಕಲ್ ಯಾಕೆ? ಆದರೆ ಅವರೆಲ್ಲಾ ಇಳಿದದ್ದು ಎಲ್ಲಿಗೆ? ಸರ್ವಿಸ್ ರಸ್ತೆಗೆ. ಅಲ್ಲಿ ಟ್ರ್ಯಾಕ್ಟರೂ ಇದೆ, ರಾಂಗ್ ಸೈಡಿನಲ್ಲಿ ಬರುವ ಬೈಕೂ ಇದೆ, ಟೋಲ್ ತಪ್ಪಿಸುವ ಕಾರೂ ಇದೆ, ಕುರಿ ಮಂದೆಯೂ ಇದೆ, ನಡೆಯುವವರೂ ಇದ್ದಾರೆ. ಕೆಲವು ಕಡೆ ಸೇತುವೆ ಬಂತು ಅಂದರೆ ಸರ್ವಿಸ್ ರಸ್ತೆ ಮಾಯ. ಸುತ್ತಿ ಬಳಸಿ ಊರೊಳಗೆ ಹೋಗಿ ಬರಬೇಕು.

ಮೊದಲು ನಮ್ಮತ್ತೆ ರಸ್ತೆ ದಾಟಿ ಎದುರಿನ ತೋಟಕ್ಕೆ ಹೋಗುತ್ತಿದ್ದರು, ಐದು ನಿಮಿಷ. ಈಗ ಅಂಡರ್‌ಪಾಸಿಗೆ ಹೋಗಿ ಬಳಸಿ ಬಂದರೆ ಮೂವತ್ತೈದು ನಿಮಿಷ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು. ತೋಟ ಅಲ್ಲೇ ಕಾಣುತ್ತಿರುತ್ತದೆ. ಬೇಲಿ ಹಿಡಿದುಕೊಂಡು ನೋಡುತ್ತಾರೆ.

ನಾಲೆ ಕೆಳಗಿನ ಮನೆಯವರೇ, ನಿಮ್ಮದೂ ಅದೇ ಕಥೆ. ಎಲ್ಲೆಲ್ಲಿ ಕಾಲುವೆ, ಹಳ್ಳ, ರೈಲು ಬರುತ್ತದೋ ಅಲ್ಲೇ ನಡೆಯುವವನ ದಾರಿ ಕಡಿದು ಹೋಗುತ್ತದೆ. ಉಳಿದ ಕಡೆ ಹೇಗೋ ನಡೆಯುತ್ತದೆ.

ಟೇಪು ಮತ್ತು ದಾರ

ಮೇಲಿನವರು ಹೇಳಿದ್ದೇ ಸರಿಯಾದ ಜಾಗ. ರಸ್ತೆ ಅಗಲ ಮಾಡುವಾಗ ಡಾಂಬರು ಸುಲಭ, ಮೋರಿ ಕಷ್ಟ. ಮೋರಿ ಅಗಲ ಮಾಡಬೇಕು ಅಂದರೆ ಬೇರೆ ಅಂದಾಜು ಪಟ್ಟಿ, ನೀರು ನಿಲ್ಲಿಸಬೇಕು, ನೀರಾವರಿಯವರ ಒಪ್ಪಿಗೆ ಬೇಕು. ಹಾಗಾಗಿ ಹಳೇ ಮೋರಿಯನ್ನು ಹಾಗೇ ಬಿಟ್ಟು ಎರಡೂ ಕಡೆ ರಸ್ತೆ ಅಗಲ ಮಾಡುತ್ತಾರೆ. ಬಾಟಲಿ ಕುತ್ತಿಗೆ ಹಾಗೆ.

ನಿಮ್ಮ ಮೋರಿಯ ಅಳತೆ ತೆಗೆದು ಹಾಕಿ. ಕಟ್ಟೆಯಿಂದ ಕಟ್ಟೆಗೆ ಎಷ್ಟು? ಮೋರಿ ಎಷ್ಟು ಉದ್ದ? ಮಕ್ಕಳು ರಸ್ತೆ ದಾಟುತ್ತಾರಾ? ದಾಟುವ ಜಾಗದಿಂದ ತಿರುವು ಎಷ್ಟು ದೂರ? ಟೇಪು ಇಲ್ಲದಿದ್ದರೆ ಹೆಜ್ಜೆ ಎಣಿಸಿ.

ಹಳೇ ಅಟ್ಲಾಸ್

ಮಧ್ಯೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಅರವತ್ತೆಂಟು. ನಾವು ಹುಡುಗರಾಗಿದ್ದಾಗ ಮೈಸೂರಿನಲ್ಲಿ ಸೈಕಲ್ಲಿಗೆ ದೀಪ ಇಲ್ಲದಿದ್ದರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡ್ ಹೋದರೂ ಅಷ್ಟೇ. ಮುಂದೆ ಪೇಟ ಕಂಡರೆ ಹಿಂದೆ ಕೂತವನು ಹಾರಿ ನಡೆಯುವವನ ಹಾಗೆ ನಟಿಸುತ್ತಿದ್ದ. ಆಗ ಸೈಕಲ್ ಅಂದರೆ ವಾಹನ, ಅದಕ್ಕೆ ಕಾನೂನು ಇತ್ತು. ಈಗ ಸೈಕಲ್ಲಿಗೆ ಕಾನೂನೂ ಇಲ್ಲ, ಜಾಗವೂ ಇಲ್ಲ.

ಬಾಡಿಗೆ ಸೈಕಲ್ ಅಂಗಡಿ ನೆನಪಿದೆಯಾ ಯಾರಿಗಾದರೂ?

ಒಂಟಿಕೊಪ್ಪಲ್ ಹುಡುಗ

ತಾತ, ಬಾಡಿಗೆ ಸೈಕಲ್ ಈ ಕಾಲದಲ್ಲೂ ಬಂತಲ್ಲ. ಟ್ರಿಣ್ ಟ್ರಿಣ್. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 450 ಸೈಕಲ್ ಇಟ್ಟುಕೊಂಡು ಶುರುವಾಯಿತು. ನಾನು ಕಾಲೇಜಿಗೆ ಅದರಲ್ಲೇ ಹೋಗುತ್ತಿದ್ದೆ. ಸೈಕಲ್ ಚೆನ್ನಾಗಿತ್ತು, ಕಾರ್ಡ್ ತೋರಿಸಿದರೆ ಸಾಕು. ತುಳಿಯಲು ಮಾತ್ರ ಅದೇ ಬಸ್ಸಿನ ಹಿಂದಿನ ಹೊಗೆ.

ಹಳೇ ಅಟ್ಲಾಸ್

ಕಾರ್ಡ್ ಎಲ್ಲಾ ಬೇಡಪ್ಪ, ಆಗ ಗುರುತಿನವರ ಹೆಸರು ಹೇಳಿದರೆ ಸಾಕಿತ್ತು. ಅಂದಹಾಗೆ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತ ದಿನ ಯಾವುದು ಗೊತ್ತಾ? 2020ರ ಜೂನ್ 3. ವಿಶ್ವ ಸೈಕಲ್ ದಿನ! ಅವತ್ತು ನನ್ನ ಸೈಕಲ್ಲಿಗೆ ಎಣ್ಣೆ ಬಿಟ್ಟು ಒರೆಸಿಟ್ಟೆ.

ರಾಗಿಮುದ್ದೆ 71

ವಿಷಯಕ್ಕೆ ಬನ್ನಿ ಯಜಮಾನ್ರೇ 😄

ಕ್ಲಚ್ ವೈರ್

ಒಂದು ಮಾತು ಹೇಳಿದರೆ ಎಲ್ಲರೂ ಬೈಯುತ್ತೀರಿ, ಆದರೂ ಹೇಳುತ್ತೇನೆ. ರೋಡ್ ಟ್ಯಾಕ್ಸ್ ಕಟ್ಟುವವರು ಗಾಡಿಯವರು. ಸೈಕಲ್‌ನವರು ಏನು ಕಟ್ಟುತ್ತಾರೆ? ಅವರಿಗೆ ಬೇರೆ ದಾರಿ ಯಾಕೆ?

ಹಾಲಿನ ಕ್ಯಾನು

ನಿಮ್ಮ ಮನೆಗೆ ಬೆಳಗ್ಗೆ ಬರುವ ಹಾಲು ನನ್ನ ಸೈಕಲ್ಲಿನಿಂದ ಶುರುವಾಗುವುದು ಸ್ವಾಮಿ. ನಾಳೆಯಿಂದ ಕರೀ ಕಾಫಿ ಕುಡಿಯಿರಿ.

ಟೇಪು ಮತ್ತು ದಾರ

ಕ್ಲಚ್ ವೈರ್ ಅವರೇ, ರಸ್ತೆ ಹಾಳಾಗುವುದು ಭಾರದಿಂದ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ನಮ್ಮ ಲೆಕ್ಕದಲ್ಲಿ ಅದನ್ನು ನಾಲ್ಕನೇ ಘಾತ ಅನ್ನುತ್ತಾರೆ. ಓವರ್‌ಲೋಡ್ ಟಿಪ್ಪರ್ ಒಂದು ಸಲ ಹೋದರೆ ಆಗುವ ಹಾಳನ್ನು ಈ ಹನ್ನೊಂದು ಮಕ್ಕಳು ಮುದುಕರಾಗುವ ತನಕ ಸೈಕಲ್ ತುಳಿದರೂ ಮಾಡಕ್ಕಾಗಲ್ಲ. ಬಿಲ್ಲು ಯಾರಿಗೆ ಕಳಿಸೋಣ?

ಕ್ಲಚ್ ವೈರ್

ಸರಿ ಸರಿ. ಹಾಲು ಕಳಿಸಿ.

ಏರಿ ಮೇಲೆ ಸವಾರಿ

ನನ್ನ ಸಲಹೆ: ರಸ್ತೆಯನ್ನೇ ಬಿಟ್ಟುಬಿಡಿ. ಅಲ್ಲೇ ವಿಶ್ವೇಶ್ವರಯ್ಯ ನಾಲೆ ಇದೆಯಲ್ಲ. ನಾಲೆ ಏರಿ ಮೇಲೆ ದಾರಿ ಇದೆ, ಮರ ಇದೆ, ಗಾಡಿ ಕಡಿಮೆ. ಸ್ವಲ್ಪ ಗ್ರಾವೆಲ್ ಹಾಕಿ ಸಮ ಮಾಡಿದರೆ ಊರಿಂದೂರಿಗೆ ಸೈಕಲ್ ದಾರಿ ಸಿದ್ಧ. ಭೂಸ್ವಾಧೀನವೂ ಬೇಡ.

ಸರ್ವಿಸ್ ರಸ್ತೆ ಸಂತ್ರಸ್ತ

ನಾಲೆ ಏರಿ ಅನ್ನುವ ಮೊದಲು ಕನಗನಮರಡಿ ನೆನೆಸಿಕೊಳ್ಳಿ. 2018ರ ನವೆಂಬರ್ 24, ಮಧ್ಯಾಹ್ನ. ಬಸ್ಸು ಇದೇ ನಾಲೆಗೆ ಬಿತ್ತು, 30 ಜನ ಹೋದರು. ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಾಲೆ ಪಕ್ಕ ತಡೆಗೋಡೆ ಇಲ್ಲದ ಜಾಗಕ್ಕೆ ಮಕ್ಕಳನ್ನು ಕಳಿಸಿ ಅಂತ ನಾನಂತೂ ಹೇಳಲ್ಲ.

ಏರಿ ಮೇಲೆ ಸವಾರಿ

ಆ ದಿನ ಯಾರೂ ಮರೆತಿಲ್ಲ. ಆದರೆ ಅದು ಬಸ್ಸು. ಗಾಡಿ ಬಿಡದೆ, ಬರೀ ಸೈಕಲ್ಲಿಗೆ ಅಂತ ಗೂಟ ನೆಟ್ಟು, ನೀರಿನ ಕಡೆ ಬೇಲಿ ಹಾಕಿದರೆ?

ಗುಂಡಿ ಮೇಡಂ

ನಾನು ಹೈಸ್ಕೂಲ್ ಟೀಚರ್, ಹದಿನಾಲ್ಕು ವರ್ಷದಿಂದ ಸ್ಕೂಟಿಯಲ್ಲಿ ಓಡಾಡುವವಳು. ಹೆಸರು ನನ್ನ ರಸ್ತೆಯಿಂದ ಬಂದಿದ್ದು.

ಏರಿ ದಾರಿ ಗಂಡಸರಿಗೆ ಚೆನ್ನಾಗಿ ಕಾಣುತ್ತದೆ. ಹುಡುಗಿಯರ ಅಪ್ಪ ಅಮ್ಮನನ್ನು ಕೇಳಿ. ಎರಡೂ ಕಡೆ ಆಳೆತ್ತರ ಕಬ್ಬು. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಹೊರಡುವಾಗ ಐದೂವರೆ, ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲು. ಅಲ್ಲಲ್ಲಿ ಬಾಟಲಿ ಇಟ್ಟುಕೊಂಡು ಕೂತ ಗುಂಪು. ಮೇಲಿಂದ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದೆ ಅಂತ ಸುದ್ದಿ. ಸುದ್ದಿ ಸುಳ್ಳೇ ಇರಲಿ, ತಾಯಿ ಮಗಳನ್ನು ಕಳಿಸುವುದಿಲ್ಲ. ರಸ್ತೆಯಲ್ಲಿ ಗಾಡಿ ಭಯ ಇದೆ, ಆದರೆ ಜನ ಕಾಣುತ್ತಾರೆ. ನಮ್ಮ ಶಾಲೆಯಲ್ಲಿ ಇಬ್ಬರು ಹುಡುಗಿಯರು ದಾರಿ ಕಾರಣಕ್ಕೇ ಒಂಬತ್ತನೇ ಕ್ಲಾಸಿಗೆ ಬರಲಿಲ್ಲ. ಟಿಸಿಯಲ್ಲಿ ಬೇರೆ ಕಾರಣ ಬರೆದಿದೆ.

ಸರ್ಕಾರ ಎಂಟನೇ ಕ್ಲಾಸಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಕೋವಿಡ್ ಸಮಯದಲ್ಲಿ ನಿಂತಿತು. ಸೈಕಲ್ ಬಂದ ಮೇಲೆ ದೂರದ ಊರಿನ ಹುಡುಗಿಯರು ಬರುವುದು ಜಾಸ್ತಿ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸೈಕಲ್ ಕೊಡುವ ಯೋಚನೆ ಬಂತು, ಅದು ಓಡುವ ಜಾಗದ ಯೋಚನೆ ಯಾರಿಗೂ ಬರಲಿಲ್ಲ ನೋಡಿ.

ಏರಿ ಮೇಲೆ ಸವಾರಿ

ಮೇಡಂ, ಒಪ್ಪಿದೆ. ಏರಿ ಮಾತು ವಾಪಸ್ಸು. ಬೆಳಗಿನ ಹೊತ್ತಿಗೆ ಮಾತ್ರ ಅಂತ ಇಟ್ಟುಕೊಳ್ಳಿ.

ಗುಂಡಿ ಮೇಡಂ

ಬೆಳಗ್ಗೆ ಹೋದವರು ಸಂಜೆ ವಾಪಸ್ ಬರಬೇಕಲ್ಲಪ್ಪ.

ಕಣಜ

ನನ್ನದು ಬೇರೆ ದೂರು. ರಸ್ತೆ ಮೇಲೆ ಹುರುಳಿ ಹಾಕುವವರಿಗೆ ಏನು ಮಾಡುವುದು? ಹೋದ ವಾರ ಬನ್ನೂರು ರಸ್ತೆಯಲ್ಲಿ ಅರ್ಧ ರಸ್ತೆ ತುಂಬಾ ಹುರುಳಿ ಬಳ್ಳಿ. ಸೈಕಲ್ ಚೈನಿಗೆ ಸುತ್ತಿಕೊಂಡು ಮೊಣಕೈ ತರಚಿತು.

ಎರಡೆಕರೆ

ನಾನೂ ಹಾಕುವವನೇ. ಕಣ ಎಲ್ಲಿದೆ ಹೇಳಿ? ಊರಿನ ಕಣದ ಜಾಗ ಮನೆ ಸೈಟ್ ಆಯಿತು. ಒಕ್ಕಣೆ ಮಷೀನು ಕರೆಸಿದರೆ ಬೆಳೆಯ ದುಡ್ಡು ಅದಕ್ಕೇ ಹೋಗುತ್ತದೆ. ನಾಲ್ಕು ಗಾಡಿ ಹತ್ತಿದರೆ ಪುಕ್ಕಟೆ ಒಕ್ಕಣೆ. ನನಗೂ ಭಯವಿದೆ, ಅದಕ್ಕೇ ಕಲ್ಲಿಟ್ಟು, ಟೊಂಗೆ ನೆಟ್ಟು ಪಕ್ಕದಲ್ಲೇ ಕೂರುತ್ತೇನೆ.

ಕಣಜ

ಆ ಕಲ್ಲಿಗೇ ಬೈಕು ಗುದ್ದಿ ಬೀಳುವುದು! ಹುರುಳಿ ತೆಗೆದ ಮೇಲೆ ಕಲ್ಲು ತೆಗೆಯುತ್ತೀರಾ?

ಎರಡೆಕರೆ

ನಾನು ತೆಗೆಯುತ್ತೇನೆ. ಎಲ್ಲರ ಬಗ್ಗೆ ಹೇಳಲಾರೆ. ಪಂಚಾಯಿತಿ ಒಂದು ಸಿಮೆಂಟ್ ಕಣ ಮಾಡಿಕೊಟ್ಟರೆ ನಾಳೆಯೇ ರಸ್ತೆ ಬಿಡುತ್ತೇನೆ. ಅದನ್ನೂ ಆ ಅರ್ಜಿಯಲ್ಲಿ ಸೇರಿಸಿ.

ನಾಲೆ ಕೆಳಗಿನ ಮನೆ

ಅಳತೆ ತೆಗೆದೆ. ಮರಗೆಲಸದವರ ಹತ್ತಿರ ಟೇಪು ತಂದು, ಮಗಳು ಒಂದು ತುದಿ ಹಿಡಿದಳು.

ಕಟ್ಟೆಯಿಂದ ಕಟ್ಟೆಗೆ 6.4 ಮೀಟರ್. ಬೇರೆ ಕಡೆ ಡಾಂಬರೇ 7 ಮೀಟರ್, ಪಕ್ಕದಲ್ಲಿ ಮಣ್ಣು ಒಂದೂವರೆ. ಮೋರಿ ಕಟ್ಟೆಯ ಉದ್ದ ಬರೀ 4 ಮೀಟರ್! ಎರಡೂ ಕಡೆ ಮಣ್ಣು ಕುಸಿದ ಜಾಗ ಸೇರಿಸಿದರೆ 10 ಮೀಟರ್. ಇಷ್ಟು ದಿನ ನಾನು ಎರಡೂಮುಕ್ಕಾಲು ಕಿಲೋಮೀಟರ್ ಸಮಸ್ಯೆ ಅಂದುಕೊಂಡಿದ್ದೆ.

ಮೋರಿ ಆದ ತಕ್ಷಣ ಮಕ್ಕಳು ಬಲಕ್ಕೆ ದಾಟುತ್ತಾರೆ, ಶಾಲೆ ಆ ಕಡೆ. ದಾಟುವ ಜಾಗದಿಂದ ತಿರುವಿಗೆ ನನ್ನ ಹೆಜ್ಜೆಯಲ್ಲಿ 132. ಟೇಪಿನಲ್ಲಿ ಲೆಕ್ಕ ಹಾಕಿದರೆ ಸುಮಾರು 85 ಮೀಟರ್.

ಟೇಪು ಮತ್ತು ದಾರ

ಶಹಭಾಸ್. ಈಗ ಲೆಕ್ಕ ನೋಡಿ. ಬ್ಯಾಗು ಹೊತ್ತ ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. 7 ಮೀಟರ್ ದಾಟಲು 7 ಸೆಕೆಂಡ್. ಗಂಟೆಗೆ 80 ಕಿಲೋಮೀಟರ್ ಹೋಗುವ ಕಾರು ಸೆಕೆಂಡಿಗೆ 22 ಮೀಟರ್. ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಮಗುವಿನ ಹತ್ತಿರ ಬರಲು ನಾಲ್ಕು ಸೆಕೆಂಡೂ ಬೇಡ. ಅಂದರೆ ಮಗು ಎರಡೂ ಕಡೆ ನೋಡಿ, ರಸ್ತೆ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಹೊರಟರೂ ಮಧ್ಯದಲ್ಲಿ ಸಿಕ್ಕಿಬೀಳುತ್ತದೆ. ಮಗುವಿನ ತಪ್ಪಲ್ಲ. "ನೋಡಿಕೊಂಡು ದಾಟು" ಅಂತ ಎಷ್ಟು ಹೇಳಿದರೂ ಆ ಜಾಗದಲ್ಲಿ ನೋಡಕ್ಕೆ ಏನೂ ಇಲ್ಲ.

ಅದೇ ಕಾರು 40ರಲ್ಲಿ ಬಂದರೆ ಏಳೂವರೆ ಸೆಕೆಂಡ್ ಸಿಗುತ್ತದೆ, ಕೂದಲೆಳೆಯಲ್ಲಿ ಪಾರು. 30ರಲ್ಲಿ ಬಂದರೆ ಹತ್ತು ಸೆಕೆಂಡ್.

ಈ ಲೆಕ್ಕ ಅರ್ಜಿಯಲ್ಲಿ ಹಾಗೇ ಬರೆಯಿರಿ.

ಗುಂಡಿ ಮೇಡಂ

ನಾಳೆ ಇದನ್ನೇ ಒಂಬತ್ತನೇ ಕ್ಲಾಸಿಗೆ ಲೆಕ್ಕವಾಗಿ ಕೊಡುತ್ತೇನೆ. ಕಾಲ, ವೇಗ, ದೂರ.

ಚಾಮುಂಡಿ ತಪ್ಪಲು

ದಾಟುವ ಜಾಗವನ್ನೇ ಇನ್ನೊಂದು ನೂರು ಮೀಟರ್ ಮುಂದಕ್ಕೆ ಹಾಕಿದರೆ? ಅಲ್ಲಿ ನೇರ ಕಾಣುತ್ತದಲ್ಲ.

ಗುಂಡಿ ಮೇಡಂ

ಶಾಲೆ ಗೇಟು ದಾಟಿ ಮುಂದೆ ಹೋಗಿ ವಾಪಸ್ ಬರಬೇಕಾಗುತ್ತದೆ. ಪ್ರಾರ್ಥನೆ ಗಂಟೆ ಹೊಡೆದಾಗ ಯಾವ ಮಗುವೂ ನೂರು ಮೀಟರ್ ಜಾಸ್ತಿ ನಡೆಯುವುದಿಲ್ಲ. ದೊಡ್ಡವರೇ ಡಿವೈಡರ್ ಹಾರುತ್ತೇವೆ.

ಟೇಪು ಮತ್ತು ದಾರ

ಮೇಡಂ ಹೇಳಿದ್ದು ಸರಿ. ಜನ ಎಲ್ಲಿ ದಾಟುತ್ತಾರೋ ಅಲ್ಲಿಗೇ ವ್ಯವಸ್ಥೆ ಬರಬೇಕು. ಹಾಗಾಗಿ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ.

ಮೋರಿ ಅಗಲ ಮಾಡಿ ಅನ್ನಬೇಡಿ. ಅಗಲವಾದರೆ ಗಾಡಿಯ ವೇಗ ಇನ್ನೂ ಜಾಸ್ತಿ. ಶಾಲೆಗೆ ಹೋಗುವಾಗಿನ ಎಡಗಡೆ, ಕಟ್ಟೆಯ ಹೊರಗೆ, ನಡೆಯುವವರಿಗೆ ಮತ್ತು ಸೈಕಲ್ಲಿಗೆ ಅಂತ 2 ಮೀಟರ್ ಅಗಲದ ಬೇರೆ ಸ್ಲ್ಯಾಬ್ ಕೇಳಿ. ಲಾರಿ ಹತ್ತುವುದಿಲ್ಲವಾದ್ದರಿಂದ ಭಾರಿ ಕಬ್ಬಿಣ ಬೇಡ. ಸಣ್ಣ ಕಾಲುವೆಯಾದರೆ ಹ್ಯೂಮ್ ಪೈಪ್ ಹಾಕಿ ಮೇಲೆ ಮಣ್ಣು ತುಂಬಿದರೂ ಆಗುತ್ತದೆ. ಹಳೇ ಕಟ್ಟೆ ಹಾಗೇ ಇರಲಿ, ಅದೇ ಮಕ್ಕಳಿಗೆ ತಡೆಗೋಡೆ. ನೀರಿನ ಕಡೆ ಕಂಬಿ. ಕಾಲುವೆ ಕಾವೇರಿ ನೀರಾವರಿ ನಿಗಮದ್ದಾದರೆ ಅವರಿಗೆ ಒಂದು ಪ್ರತಿ ಕೊಡಿ, ನೀರು ನಿಂತಾಗ ಕೆಲಸ ಮಾಡಬಹುದು.

ಎರಡನೆಯದು, ತಿರುವಿಗೆ ಮೊದಲೇ ದಪ್ಪ ಬಿಳಿ ಪಟ್ಟಿ, ರಂಬಲ್ ಸ್ಟ್ರಿಪ್ ಅನ್ನುತ್ತಾರಲ್ಲ ಅದು, ಮತ್ತು ಶಾಲೆ ಬೋರ್ಡು, ವೇಗದ ಮಿತಿಯ ಬೋರ್ಡು. ತಿರುವಿನ ಒಳಗಡೆ ಬೆಳೆದ ಗಿಡ ಕಡಿದರೆ ನೋಟ ಇನ್ನೂ ಇಪ್ಪತ್ತು ಮೀಟರ್ ಸಿಗಬಹುದು. ಅದಕ್ಕೆ ಇಲಾಖೆಯೇ ಬೇಕಿಲ್ಲ, ಒಂದು ಮಚ್ಚು ಸಾಕು. ಯಾರ ಜಾಗ ಅಂತ ಕೇಳಿಕೊಂಡು ಕಡಿಯಿರಿ.

ನಾಲೆ ಕೆಳಗಿನ ಮನೆ

ಗಿಡ ನಮ್ಮ ದೊಡ್ಡಪ್ಪನ ಬೇಲಿಯದು. ಅವರನ್ನು ಒಪ್ಪಿಸುವುದು ಇಲಾಖೆಗಿಂತ ಕಷ್ಟ.

ಕೋರ್ಟ್ ಹಾಲ್ ಕಟ್ಟೆ

ವಕೀಲಿ ಮಾಡುವವನು, ಮೈಸೂರು. ಅರ್ಜಿಗೆ ಎರಡು ಸಾಲು ಸೇರಿಸಿ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಅಂತ ಹೇಳಿದೆ, ಅಂದರೆ ಜೀವಿಸುವ ಹಕ್ಕಿನ ಭಾಗ. ಇನ್ನೊಂದು, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ನಿಯಮದಂತೆ ಇಲ್ಲದೆ ಜೀವ ಹೋದರೆ ಹೊಣೆಯಾದವರಿಗೆ ಒಂದು ಲಕ್ಷದವರೆಗೆ ದಂಡ.

ರಾಗಿಮುದ್ದೆ 71

ಜೀವ ಹೋದ ಮೇಲೆ ಲಕ್ಷ ತಗೊಂಡು ಏನು ಮಾಡೋಣ ಲಾಯರ್ ಸಾಹೇಬ್ರೇ?

ಕೋರ್ಟ್ ಹಾಲ್ ಕಟ್ಟೆ

ಅದಕ್ಕೇ ಮೊದಲೇ ಅರ್ಜಿ ಕೊಡುವುದು. ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಬಾಯಿಗೆ ಆ ಸೀಲು ಬೀಗ. ಈ ಅಳತೆ, ಫೋಟೋ ಎಲ್ಲಾ ಲಗತ್ತಿಸಿ. ದಿನಾಂಕ ಮರೆಯಬೇಡಿ.

ಮಾದಪ್ಪನ ಒಕ್ಕಲು

ಶಿವರಾತ್ರಿಗೆ ಪ್ರತಿ ವರ್ಷ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವನು ನಾನು. ರಾತ್ರಿ ನಡೆಯುವವರಿಗೆ ಅನುಭವದ ಮಾತು: ಫುಟ್‌ಪಾತ್ ಇಲ್ಲದ ಕಡೆ ಬಲಗಡೆ ನಡೆಯಿರಿ, ಎದುರಿನಿಂದ ಬರುವ ಗಾಡಿ ಕಣ್ಣಿಗೆ ಕಾಣಬೇಕು. ಬ್ಯಾಗಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸಿ. ಇಪ್ಪತ್ತು ರೂಪಾಯಿಗೆ ಒಂದು ಪಟ್ಟಿ ಕೊಡುತ್ತಾರೆ, ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ. ಸೈಕಲ್ ಮಾತ್ರ ಎಡಗಡೆಯೇ.

ಎರಡೆಕರೆ

ಕಬ್ಬಿನ ಟ್ರ್ಯಾಕ್ಟರಿಗೂ ಅಂಟಿಸಬೇಕು. ಟ್ರೇಲರ್ ಹಿಂದೆ ದೀಪ ಅಂತ ಒಂದೂ ಇರುವುದಿಲ್ಲ. ನಮ್ಮ ಗುಂಪಿನ ಮೂರು ಟ್ರೇಲರಿಗೆ ನಾನೇ ಅಂಟಿಸುತ್ತೇನೆ. ಜಲ್ಲೆ ಹೊರಗೆ ಚಾಚದ ಹಾಗೆ ಹಗ್ಗ ಬಿಗಿಯಲು ಹುಡುಗರಿಗೂ ಹೇಳುತ್ತೇನೆ. ಆ ಬ್ಯಾಗಿನ ಪಟ್ಟಿ ಕಿತ್ತಿದ್ದು ಓದಿ ಹೊಟ್ಟೆ ತೊಳಸಿತು. ನಮ್ಮದೇ ಟ್ರ್ಯಾಕ್ಟರ್ ಇರಬಹುದು.

ನಾಲೆ ಕೆಳಗಿನ ಮನೆ

ಇರಲಿ ಅಣ್ಣ. ಬ್ಯಾಗು ಹೊಲಿಸಿದ್ದಾಯಿತು.

ಅರ್ಜಿ ಬರೆಯುತ್ತಿದ್ದೇನೆ. ಒಂದೂವರೆ ಪುಟ ಆಗಿದೆ. ಮೊದಲು ಸ್ಲ್ಯಾಬ್, ಆಮೇಲೆ ತಿರುವು. ಕಣದ ವಿಷಯ ಪಂಚಾಯಿತಿಗೆ ಬೇರೆ ಕಾಗದ. ಸೋಮವಾರ ಬೆಳಗ್ಗೆ ಎಂಟೂವರೆಗೆ ಮಕ್ಕಳು ಮೋರಿ ದಾಟುವ ಹೊತ್ತಿಗೆ ನಿಂತು ಅರ್ಧ ಗಂಟೆ ಗಾಡಿ ಎಣಿಸೋಣ ಅಂತಿದ್ದೇನೆ. ಒಬ್ಬನೇ ನಿಂತರೆ ಹುಚ್ಚ ಅಂತಾರೆ. ಯಾರಾದರೂ ಬರುತ್ತೀರಾ?

ಟೇಪು ಮತ್ತು ದಾರ

ಬರುತ್ತೇನೆ. ಮೂವತ್ತು ಮೀಟರ್ ಟೇಪು ನನ್ನದೇ ಇದೆ. ಜಾಗ ಮೆಸೇಜಿನಲ್ಲಿ ಕಳಿಸಿ.

ಚಾಮುಂಡಿ ತಪ್ಪಲು

ನಾನೂ. ಸೈಕಲ್‌ನಲ್ಲೇ ಬರುತ್ತೇನೆ, ಐದೂವರೆಗೆ ಹೊರಟರೆ ಆಯಿತು. ಹಾಲಿನ ಕ್ಯಾನು ಅಣ್ಣ, ನಗಬೇಡಿ.

ಹಾಲಿನ ಕ್ಯಾನು

ನಗಲ್ಲ ಬನ್ನಿ. ಡೈರಿ ಮುಗಿಸಿ ನಾನೂ ಬರುತ್ತೇನೆ. ಟೀ ನನ್ನದು. ದೊಡ್ಡಪ್ಪನ ಬೇಲಿ ಕಡೆ ಒಂದು ಮಚ್ಚೂ ತರಲಾ?

ನಾಲೆ ಕೆಳಗಿನ ಮನೆ

ಮಚ್ಚು ಬೇಡ. ಮೊದಲು ದೊಡ್ಡಪ್ಪನಿಗೆ ಟೀ ಕೊಡಿಸೋಣ.